ಹೊಳೆ ದಾಟಿಸಿದವರು



ಕಳೆದ ನವೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಯುವಜನರೂ ಕೆಲವು ಕುಟುಂಬಗಳೂ ಸೇರಿ ಹೋದ ಒಂದು ದಿನದ ಪ್ರವಾಸ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಬೆಳಗಿನ ಬಲಿಪೂಜೆ ಮುಗಿಸಿ ಬಳ್ಳಾರಿಯಿಂದ ಬಸ್ಸು ಹತ್ತಿದೆವು. ಆದವಾನಿಯ ಕೋಟೆ ಬೆಟ್ಟ ಏರಿ ಇಳಿದೆವು, ಕೆಳಗಿನ ಜಾಮಿಯಾ ಮಸೀದಿಯ ಕಲ್ಲಿನ ಕೆಲಸ ನೋಡಿದೆವು, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಸಂಜೆ ನಾಲ್ಕೂವರೆಯ ಹೊತ್ತಿಗೆ ಮಂತ್ರಾಲಯದ ಹತ್ತಿರ ತುಂಗಭದ್ರೆಯ ದಡದಲ್ಲಿದ್ದೆವು. ಹರಿಗೋಲಿನಲ್ಲಿ ಒಂದು ಸುತ್ತು ಹೋಗಿ ಬರುವುದು ಆ ದಿನದ ಕೊನೆಯ ಕಾರ್ಯಕ್ರಮ.

ಅಲ್ಲಿ ಒಂದು ಸಣ್ಣ ಜಗಳವಾಯಿತು. ಜಗಳ ತೆಗೆದವನು ನಾನೇ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ನಮ್ಮ ಗುಂಪಿನ ಜೊತೆಗೆ ಹಾಸನದ ಕಡೆಯಿಂದ ರಾಯರ ಮಠಕ್ಕೆ ಬಂದಿದ್ದ ಒಬ್ಬ ವೃದ್ಧ ದಂಪತಿಯೂ ಆದವಾನಿಯ ಒಂದು ಮುಸ್ಲಿಂ ಕುಟುಂಬವೂ ಅದೇ ಹರಿಗೋಲು ಹತ್ತಿದ್ದರು. ನಮ್ಮವರಲ್ಲಿ ಇಬ್ಬರು ಹುಡುಗರು ದಡದಲ್ಲೇ ಉಳಿದರು. "ಇವರಿಬ್ಬರೂ ತೆಳ್ಳಗಿದ್ದಾರೆ, ಹಿಡಿಸುತ್ತಾರೆ, ಬೇಕಾದರೆ ಹೆಚ್ಚು ದುಡ್ಡು ಕೊಡುತ್ತೇವೆ" ಎಂದೆ. ಅಂಬಿಗ ದನಿ ಏರಿಸಲಿಲ್ಲ. "ಹೊಳಿಗೆ ರೊಕ್ಕ ತಿಳಿಯಂಗಿಲ್ಲ ತಮ್ಮಾ" ಎಂದ. ಆಮೇಲೆ ನಮ್ಮನ್ನೆಲ್ಲ ಒಮ್ಮೆ ನೋಡಿ, ದಪ್ಪಗಿದ್ದವರನ್ನು ಎದುರುಬದುರು ಕೂರಿಸಿ, ಮಕ್ಕಳನ್ನು ನಡುವೆ ಇಟ್ಟು, ಹುಟ್ಟು ಹಾಕಿದ. ನಾನು ಮುಖ ಊದಿಸಿಕೊಂಡು ಕೂತಿದ್ದೆ.

ಹೊಳೆಯ ನಡುವೆ ಹೋದ ಮೇಲೆ ನಮ್ಮ ಹುಡುಗಿಯೊಬ್ಬಳು ಆಚೆ ದಡ ತೋರಿಸಿ, "ಅದು ಯಾವ ಊರು ಅಣ್ಣಾ?" ಎಂದಳು. "ಅದು ಕರ್ನಾಟಕ, ನಿಮ್ಮದು. ಇದು ಆಂಧ್ರ, ನಂದು. ನಡುಕ ನೀರು, ಯಾರದೂ ಅಲ್ಲ" ಎಂದು ಆತ ನಕ್ಕ. ಕನ್ನಡದಲ್ಲೇ ಹೇಳಿದ. ಪಕ್ಕದ ಹರಿಗೋಲಿನವನ ಜೊತೆ ತೆಲುಗು, ಆದವಾನಿಯ ಕುಟುಂಬದ ಜೊತೆ ಉರ್ದು.

ಆ ಮಾತು ಕೇಳಿದಾಗ ನನಗೆ ನನ್ನ ಅಜ್ಜಿ ನೆನಪಾದಳು. ಇದೇ ಹೊಳೆಯ ಈ ದಡದಲ್ಲಿ ಹುಟ್ಟಿ, ಆ ದಡಕ್ಕೆ ಸೊಸೆಯಾಗಿ ಹೋದವಳು. ಊರಿಗೆ ಬಂದ ಮೇಲೆ ಮನೆಯವರನ್ನು ಕೇಳಿ, ಪುಸ್ತಕಗಳನ್ನು ತಿರುವಿ ಒಂದಿಷ್ಟು ತಿಳಿದುಕೊಂಡೆ. ನಾವು ಅರ್ಧ ಗಂಟೆ ಆಟವಾಡಿ ಬಂದ ಆ ನೀರಿಗೆ ಎಂಥ ಇತಿಹಾಸವಿದೆ ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆನಿಸಿತು.

ನಾವು ಕೂತಿದ್ದ ಬುಟ್ಟಿ

ಮೊದಲು ಹರಿಗೋಲಿನಿಂದಲೇ ಶುರುಮಾಡೋಣ. ದೋಣಿಗೆ ಮೂತಿ ಇದೆ, ಬಾಲ ಇದೆ. ಹರಿಗೋಲಿಗೆ ಎರಡೂ ಇಲ್ಲ. ಅದು ದೊಡ್ಡ ಬಿದಿರ ಬುಟ್ಟಿ. ಬಿದಿರನ್ನು ಸೀಳಿ ಹೆಣೆಯುತ್ತಾರೆ, ಹೊರಗಡೆ ನೀರು ಒಳಬಾರದಂತೆ ಹೊದಿಸುತ್ತಾರೆ. ಹಿಂದೆ ಹೊದಿಕೆ ತೊಗಲಿನದು. ಈಗ ಗೋಣಿ, ಪ್ಲಾಸ್ಟಿಕ್ ಹಾಳೆ, ಡಾಂಬರು. ಕೆಲವು ಕಡೆ ಇಡೀ ಬುಟ್ಟಿಯೇ ಫೈಬರಿನದು. ತುಂಗಭದ್ರೆಯ ತಳದಲ್ಲಿ ಬಂಡೆಗಳೇ ಬಂಡೆಗಳು. ಮಳೆಗಾಲದಲ್ಲಿ ಸೆಳೆತ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಮರದ ದೋಣಿಯ ತಳ ಇಲ್ಲಿ ಒಡೆದುಹೋಗುತ್ತದೆ. ಚಪ್ಪಟೆ ತಳದ ಬುಟ್ಟಿಯಾದರೆ ಬಂಡೆಗೆ ತಾಗಿ, ತಿರುಗಿ, ಪಕ್ಕಕ್ಕೆ ಜಾರಿ ಮುಂದೆ ಹೋಗುತ್ತದೆ. ಅದಕ್ಕೇ ಈ ಹೊಳೆಯಲ್ಲಿ ಹರಿಗೋಲು ಉಳಿಯಿತು.

ಎಷ್ಟು ಹಳೆಯದು? ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದಾಗ, 1520ರ ಆಸುಪಾಸಿನಲ್ಲಿ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ಅಲ್ಲಿಗೆ ಬಂದಿದ್ದ. ಆನೆಗೊಂದಿಯ ಹತ್ತಿರ ಜನ ಹೊಳೆ ದಾಟುವುದನ್ನು ನೋಡಿ ಬರೆದಿಟ್ಟ. ಬುಟ್ಟಿಯಂತೆ ಗುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗದೆ ಸುತ್ತುತ್ತಲೇ ಹೋಗುತ್ತದೆ ಎಂಬುದು ಅವನ ವಿವರಣೆ. ಐನೂರು ವರ್ಷಗಳ ಹಿಂದಿನ ಆ ಮಾತು ಓದಿದರೆ ನಮ್ಮ ಗುಂಪಿನವರೇ ಯಾರೋ ಬರೆದಂತಿದೆ. ಇನ್ನೂ ಎರಡು ಸಾವಿರ ವರ್ಷ ಹಿಂದೆ, ಗ್ರೀಕರ ಹೆರೊಡೋಟಸ್ ಬಾಬಿಲೋನಿನ ದಾರಿಯಲ್ಲಿ ಇಂಥದೇ ತೊಗಲಿನ ಗುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಆ ದೋಣಿಗಳಲ್ಲಿ ಒಂದು ಕತ್ತೆಯೂ ಇರುತ್ತಿತ್ತಂತೆ. ಸೆಳೆತದ ಹೊಳೆಯಲ್ಲಿ ದೋಣಿ ಮತ್ತೆ ಮೇಲಕ್ಕೆ ಬರಲಾರದು. ಆದ್ದರಿಂದ ಬಾಬಿಲೋನ್ ಮುಟ್ಟಿದ ಮೇಲೆ ಸರಕಿನ ಜೊತೆ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರು. ನಮ್ಮ ಅಂಬಿಗನಿಗೆ ಇದನ್ನು ಹೇಳಿದ್ದರೆ ಆತ ಖಂಡಿತ ನಗುತ್ತಿದ್ದ.

ನಮ್ಮ ಕಡೆ ಒಂದು ಹರಿಗೋಲಿನ ಹಿಂದೆ ಎಷ್ಟು ಜನರ ಕೈ ಇತ್ತು ನೋಡಿ. ಬಿದಿರು ಹೆಣೆಯಲು ಮೇದರು, ತೊಗಲು ಹದ ಮಾಡಲು ಊರಾಚೆಯ ಕೇರಿಯವರು, ಹುಟ್ಟು ಹಾಕಲು ಅಂಬಿಗರು. ಊರು ಇವರನ್ನೆಲ್ಲ ಅಂಚಿನಲ್ಲಿ ಇಟ್ಟಿತ್ತು. ಆದರೆ ಹೊಳೆ ಬಂದಾಗ ಇಡೀ ಊರಿನ ಜೀವ ಇವರು ಮಾಡಿದ ಬುಟ್ಟಿಯಲ್ಲೇ ಕೂರಬೇಕಾಗಿತ್ತು.

ಎರಡು ಹೊಳೆಗಳ ನಡುವಿನ ಹೊಲ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲಕ್ಕೆ ಹಳೆಯ ಕನ್ನಡ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. 'ತೊರೆ'ಗಳ 'ಎಡೆ'ಯಲ್ಲಿರುವ ನಾಡು, ಅಂದರೆ ಇಂದಿನ ರಾಯಚೂರಿನ ಸುತ್ತಮುತ್ತ. ಫಲವತ್ತಾದ ಎರೆಭೂಮಿ. ಇದಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಹೊಡೆದಾಡಿದರು. ಹೊಡೆದಾಡಬೇಕಾದರೆ ಹೊಳೆ ದಾಟಬೇಕಲ್ಲ? ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಸೈನಿಕರು ಹೊಳೆ ದಾಟಿದ ಪ್ರಸಂಗಗಳು ಆ ಕಾಲದ ಚರಿತ್ರೆಗಳಲ್ಲಿವೆ. ಮುಂದೆ 1803ರ ಮರಾಠ ಯುದ್ಧದಲ್ಲಿ ಇಂಗ್ಲಿಷರ ದಳಪತಿ ಆರ್ಥರ್ ವೆಲ್ಲೆಸ್ಲಿ ಕೂಡ ಮಳೆಗಾಲದ ಹೊಳೆಗಳಿಗಾಗಿ ಬುಟ್ಟಿ ದೋಣಿಗಳನ್ನು ಸಿದ್ಧಪಡಿಸಲು ಅಪ್ಪಣೆ ಕೊಟ್ಟಿದ್ದ. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ!

ನಾವು ಬೆಳಿಗ್ಗೆ ಏರಿದ ಆದವಾನಿ ಕೋಟೆ ಈ ಹೊಡೆದಾಟಗಳ ದಕ್ಷಿಣದ ಬಾಗಿಲು. ವಿಜಯನಗರದವರಿಗೆ ಅದು ಗಟ್ಟಿ ಆಸರೆ. 1565ರ ತಾಳಿಕೋಟೆ ಯುದ್ಧದ ನಂತರ ಬಿಜಾಪುರದ ಕೈಗೆ ಹೋಯಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಅಧಿಕಾರಿಯಾಗಿದ್ದವನು ಸಿದ್ದಿ ಮಸೂದ್ ಖಾನ್. ಸಿದ್ದಿಗಳ ಪೂರ್ವಜರು ಆಫ್ರಿಕಾದವರು ಎಂಬುದನ್ನು ಇಲ್ಲಿ ನೆನಪಿಡಬೇಕು. ನಾವು ನೋಡಿದ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಮಂತ್ರಾಲಯ ಇರುವ ಮಂಚಾಲೆ ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಉಂಬಳಿಯಾಗಿ ಕೊಟ್ಟವನೂ ಇದೇ ಆದವಾನಿಯ ನವಾಬನೆಂದು ಆ ಊರಿನ ಪರಂಪರೆ ಹೇಳುತ್ತದೆ. ಸ್ವಾಮಿಗಳು ಅಲ್ಲಿ ಬೃಂದಾವನ ಪ್ರವೇಶ ಮಾಡಿದ್ದು 1671ರಲ್ಲಿ. ಆಮೇಲೆ ಔರಂಗಜೇಬನ ಸೇನೆ ಬಂತು, ನಿಜಾಮನ ತಮ್ಮ ಬಸಾಲತ್ ಜಂಗ್ ಬಂದ, 1786ರಲ್ಲಿ ಟಿಪ್ಪು ಬಂದು ಕೋಟೆಯನ್ನು ಹಾಳುಗೆಡವಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ.

ಅರಸರ ಹೆಸರು ಇಷ್ಟೊಂದು ಸಿಗುತ್ತದೆ. ಆ ಅರಸರ ಸೈನ್ಯವನ್ನು, ವರ್ತಕರನ್ನು, ಭಕ್ತರನ್ನು ದಾಟಿಸಿದವರ ಹೆಸರು ಒಂದಾದರೂ ಸಿಕ್ಕೀತೇ ಎಂದು ಹುಡುಕಿದೆ. ಕನ್ನಡಕ್ಕೆ ಒಂದು ಭಾಗ್ಯವಿದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಇದೇ ತುಂಗಭದ್ರೆಯ ದಡದವನು, ಹಾವೇರಿ ಜಿಲ್ಲೆಯ ಚೌಡಯ್ಯದಾನಪುರದವನು. ಹುಟ್ಟು ಹಿಡಿದ ಕೈಯಿಂದಲೇ ಯಾರಿಗೂ ಹೆದರದ ಮಾತು ಬರೆದ. ಅವನನ್ನು ಬಿಟ್ಟರೆ ಸಾವಿರಾರು ಅಂಬಿಗರು ಹೆಸರಿಲ್ಲದೆ ಹೋದರು.

ಉದ್ದಕ್ಕೆ ಹೋಗುವ ದೋಣಿಯ ಕನಸು

ಗಮನಿಸಿದಿರಾ, ಹರಿಗೋಲು ಹೊಳೆಯನ್ನು ಅಡ್ಡಕ್ಕೆ ದಾಟುತ್ತದೆಯೇ ಹೊರತು ಹೊಳೆಯ ಉದ್ದಕ್ಕೂ ಪ್ರಯಾಣ ಮಾಡುವುದಿಲ್ಲ. ಬೇರೆ ದೇಶಗಳಲ್ಲಿ ನದಿಯೆಂದರೆ ಹಡಗು ಓಡುವ ಹೆದ್ದಾರಿ. ತುಂಗಭದ್ರೆಯಲ್ಲೂ ಹಾಗೆ ಉದ್ದಕ್ಕೆ ದೋಣಿ ಓಡಿಸಬೇಕೆಂದು ಕನಸು ಕಂಡವನೊಬ್ಬನಿದ್ದ.

ಆತ ಸರ್ ಆರ್ಥರ್ ಕಾಟನ್. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿದ ಇಂಜಿನಿಯರ್. ಕ್ರಿಸ್ತನಲ್ಲಿ ಆಳವಾದ ವಿಶ್ವಾಸವಿದ್ದ ವ್ಯಕ್ತಿ. ಗೋದಾವರಿ ಸೀಮೆಯ ರೈತರು ಇಂದಿಗೂ ಆತನ ಪ್ರತಿಮೆಗೆ ಹಾರ ಹಾಕುತ್ತಾರೆ. ಹಿಂದೂಸ್ತಾನಕ್ಕೆ ರೈಲಿಗಿಂತ ಕಾಲುವೆ ಮೇಲು, ಕಾಲುವೆ ಹೊಲಕ್ಕೆ ನೀರನ್ನೂ ಕೊಡುತ್ತದೆ, ಧಾನ್ಯವನ್ನು ಅಗ್ಗದಲ್ಲಿ ಸಾಗಿಸುತ್ತದೆ ಎಂಬುದು ಅವನ ವಾದ. ಆ ಯೋಚನೆಯಿಂದ ಹುಟ್ಟಿದ್ದು ಮದರಾಸು ಇರಿಗೇಷನ್ ಅಂಡ್ ಕೆನಾಲ್ ಕಂಪನಿ. ಮಂತ್ರಾಲಯದಿಂದ ಕೆಳಗೆ, ಕರ್ನೂಲು ಮುಟ್ಟುವ ಮೊದಲು, ಸುಂಕೇಸುಲ ಎಂಬಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ, ಅಲ್ಲಿಂದ ಕಡಪದ ತನಕ ಸುಮಾರು 300 ಕಿಲೋಮೀಟರ್ ಕಾಲುವೆ ತೋಡಿದರು. 1863ರಿಂದ 1870ರವರೆಗೆ ಕೆಲಸ ನಡೆಯಿತು. ನೀರಾವರಿಗೂ ದೋಣಿ ಸಂಚಾರಕ್ಕೂ ಅದೇ ಕಾಲುವೆ. ನೆಲ ತಗ್ಗಾದ ಕಡೆ ದೋಣಿ ನಿಧಾನವಾಗಿ ಇಳಿಯಲೆಂದು ಲಾಕ್ ಎಂಬ ನೀರಿನ ಬಾಗಿಲುಗಳನ್ನೂ ಇಟ್ಟರು.

ಕನಸು ದೊಡ್ಡದು, ಫಲ ಚಿಕ್ಕದು. ಎರೆಭೂಮಿಯ ರೈತ ಮಳೆ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ. ನೀರಿಗೆ ತೆರಿಗೆ ಕೊಟ್ಟು ಬೆಳೆ ಬದಲಿಸಲು ಅವನಿಗೆ ಧೈರ್ಯವಿರಲಿಲ್ಲ. ಕಂಪನಿ ನಷ್ಟಕ್ಕೆ ಬಿತ್ತು. ಅತ್ತ ರೈಲು ಬಂದೇಬಿಟ್ಟಿತು. 1871ರಲ್ಲಿ ಮದರಾಸಿನಿಂದ ಬಂದ ಹಳಿ ಆದವಾನಿಯ ಮೇಲೆ ಹಾದು, ತುಂಗಭದ್ರೆಯನ್ನು ದಾಟಿ, ರಾಯಚೂರಿನಲ್ಲಿ ಮುಂಬಯಿ ಕಡೆಯ ಹಳಿಯನ್ನು ಕೂಡಿತು. ಐದು ವರ್ಷಗಳಲ್ಲಿ, 1876ರಿಂದ 78ರವರೆಗೆ, ಮಹಾ ಬರ. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅದರ ಬಾಯಿಗೆ ಮೊದಲು ಬಿದ್ದವು. ಹಳಿಯೂ ಇತ್ತು, ಕಾಲುವೆಯೂ ಇತ್ತು. ಆದರೂ ಲಕ್ಷಾಂತರ ಜನ ಸತ್ತರು. ಅನ್ನ ಸಾಗಿಸುವ ದಾರಿ ಇದ್ದರೆ ಸಾಲದು, ಬಡವನ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿಯೂ ಇರಬೇಕು ಎಂಬುದನ್ನು ಆ ಬರ ಕ್ರೂರವಾಗಿ ತೋರಿಸಿತು. 1878ರಲ್ಲಿ ಲಂಡನ್ನಿನ ಸಂಸತ್ ಸಮಿತಿಯ ಮುಂದೆ ಮುದುಕ ಕಾಟನ್ ಮತ್ತೆ ಕಾಲುವೆಗಳ ಪರ ವಾದಿಸಿದ. ಸಮಿತಿ ಒಪ್ಪಲಿಲ್ಲ. 1882ರಲ್ಲಿ ಸರ್ಕಾರ ಕರ್ನೂಲು-ಕಡಪ ಕಾಲುವೆಯನ್ನು ಕಂಪನಿಯಿಂದ ಕೊಂಡುಕೊಂಡಿತು. ಇಂದಿಗೂ ಅದು ಹೊಲಗಳಿಗೆ ನೀರು ಕೊಡುತ್ತಿದೆ. ದೋಣಿಗಳು ಮಾತ್ರ ಕಳೆದ ಶತಮಾನದಲ್ಲೇ ನಿಂತುಹೋದವು.

ದೊಡ್ಡ ದೊಡ್ಡ ಯೋಜನೆಗಳ ದೋಣಿ ನಿಂತಿತು. ಬಿದಿರ ಬುಟ್ಟಿ ಮಾತ್ರ ಸುತ್ತುತ್ತಲೇ ಇತ್ತು.

ಅಜ್ಜಿಯ ಹೊಳೆ

ನನ್ನ ಅಜ್ಜಿ ಹುಟ್ಟಿದ್ದು ಕೌತಾಳಂ ಕಡೆಯ ಒಂದು ಹಳ್ಳಿಯಲ್ಲಿ. ಆದವಾನಿ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1946ರಲ್ಲಿ ಮದುವೆಯಾಗಿ ಹೊಳೆಯಾಚೆಗೆ, ಮಾನ್ವಿ ಕಡೆಗೆ ಹೋದಳು. ಅದು ನಿಜಾಮನ ಹೈದರಾಬಾದ್ ಸಂಸ್ಥಾನ. ತವರಿಗೂ ಅತ್ತೆ ಮನೆಗೂ ಒಂದು ಹರಿಗೋಲಿನ ದೂರ. ಆದರೆ ಆ ಅಷ್ಟು ನೀರು ದಾಟಿದರೆ ಸರ್ಕಾರ ಬೇರೆ, ಕಾನೂನು ಬೇರೆ, ರೂಪಾಯಿಯೂ ಬೇರೆ. ನಿಜಾಮನ ರೂಪಾಯಿಗೆ ಹಾಲಿ ಸಿಕ್ಕಾ ಎಂದು ಹೆಸರು. ಸುಮಾರು ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಇಂಗ್ಲಿಷ್ ರೂಪಾಯಿ. ಸಂತೆಗೆ ಹೋದವರು ಎರಡೂ ನಾಣ್ಯಗಳನ್ನು ಸೆರಗಿನ ಬೇರೆ ಬೇರೆ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರಂತೆ. ಅಂಬಿಗನಿಗೆ ಮಾತ್ರ ನಾಣ್ಯದ ಗೊಡವೆ ಇರಲಿಲ್ಲ. ಎರಡೂ ದಡದವರು ಸುಗ್ಗಿಯಲ್ಲಿ ಅವನ ಮನೆಗೆ ಜೋಳ ಅಳೆದು ಕೊಡುತ್ತಿದ್ದರು.

ಹರಿಗೋಲಿನಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದು ಇಲ್ಲಿ ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅಜ್ಜಿ ಹಾಗೆ ಹೇಳಲಿಲ್ಲ. ನಮ್ಮವರು ಕೇರಿಯವರು. ಕ್ರೈಸ್ತರಾಗಿ ಒಂದೇ ತಲೆಮಾರು ಕಳೆದಿತ್ತು. ಊರಿನ ದೊಡ್ಡವರೆಲ್ಲ ದಾಟಿದ ಮೇಲೆ, ಕೊನೆಯ ಸರದಿಯಲ್ಲಿ ನಮ್ಮವರು ಹತ್ತಬೇಕಾಗಿತ್ತು. ಎಷ್ಟೋ ದಿನ ಕತ್ತಲಾಗುವ ತನಕ ದಡದಲ್ಲೇ ಕಾದದ್ದುಂಟು ಎನ್ನುತ್ತಿದ್ದಳು.

1948ರ ಮುಂಗಾರಿನ ಮೊದಲ ದಿನಗಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ತಿಂಗಳು ಕಳೆದಿದ್ದರೂ ಹೊಳೆಯ ಆ ದಡಕ್ಕೆ ಬಂದಿರಲಿಲ್ಲ. ರಜಾಕಾರರ ಹಾವಳಿ ಹೆಚ್ಚಿತ್ತು. ಹೈದರಾಬಾದ್ ಸೀಮೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಮದರಾಸು, ಮುಂಬಯಿ ಪ್ರಾಂತ್ಯಗಳ ಊರುಗಳಲ್ಲಿ ಆಸರೆ ಪಡೆದಿದ್ದವು. ಒಂದು ರಾತ್ರಿ ಅಜ್ಜಿ ಎಂಟು ತಿಂಗಳ ಕೂಸನ್ನು ಎದೆಗೆ ಕಟ್ಟಿಕೊಂಡು ದಡಕ್ಕೆ ಬಂದಳು. ಆ ಕೂಸು ನನ್ನ ತಂದೆಯ ಅಣ್ಣ. ದಡದಲ್ಲಿ ಆಗಲೇ ಹಲವರು ನಿಂತಿದ್ದರು. ಲಿಂಗಾಯತರ ಮನೆಯವರಿದ್ದರು, ಒಬ್ಬ ಶಾನುಭೋಗರ ಹೆಂಗಸಿದ್ದಳು. ಅಂಬಿಗ ದೀಪ ಹಚ್ಚಲಿಲ್ಲ. ಮೊದಲು ಕೂಸು ಇದ್ದವರು ಬರ್ರಿ ಎಂದ. ಅಷ್ಟೇ. ಆ ರಾತ್ರಿ ಅಜ್ಜಿ ಮೊದಲ ಸರದಿಯಲ್ಲಿ ದಾಟಿದಳು. ನಡುನೀರಿನಲ್ಲಿ ಕೂಸು ಅತ್ತಾಗ ಶಾನುಭೋಗರ ಹೆಂಗಸು ಅದನ್ನು ತನ್ನ ತೊಡೆಗೆ ಎಳೆದುಕೊಂಡು ಸುಮ್ಮನಾಗಿಸಿದಳಂತೆ. ಮುಟ್ಟಬಾರದವರ ಕೂಸು ಎಂಬುದು ಆ ಕತ್ತಲಲ್ಲಿ ಅವಳಿಗೆ ನೆನಪಾಗಲಿಲ್ಲವೋ, ನೆನಪಾದರೂ ಬೇಡವೆನಿಸಿತೋ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು, 17ರಂದು ನಿಜಾಮ ಶರಣಾದ. ಕಲ್ಯಾಣ ಕರ್ನಾಟಕದಲ್ಲಿ ಆ ದಿನವನ್ನು ಇಂದಿಗೂ ಧ್ವಜ ಹಾರಿಸಿ ಆಚರಿಸುತ್ತೇವೆ. ಅಜ್ಜಿ ಮತ್ತೆ ಹೊಳೆ ದಾಟಿ ಗಂಡನ ಮನೆಗೆ ಹೋದಳು.

ಆಮೇಲೆ ದಡಗಳ ಹೆಸರು ಬದಲಾಗುತ್ತಲೇ ಹೋಯಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು. ಕರ್ನೂಲು ಅದರ ರಾಜಧಾನಿ. ಬಳ್ಳಾರಿ ಜಿಲ್ಲೆಯನ್ನು ಅಂದೇ ಒಡೆದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯನ್ನು ಸೇರಿದವು. 1956ರ ನವೆಂಬರ್ 1ರಂದು ರಾಯಚೂರು ಹೈದರಾಬಾದಿನಿಂದ ಬಿಡುಗಡೆಯಾಗಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. ಅಜ್ಜಿ ಮಾತ್ರ ಎಲ್ಲಿಗೆ ಹೊರಟೆ ಎಂದು ಕೇಳಿದರೆ ಕೊನೆಯವರೆಗೂ "ಹೊಳಿಯಾಚಿ" ಎಂದೇ ಹೇಳುತ್ತಿದ್ದಳು. ಅವಳ ತಮ್ಮನ ಮಕ್ಕಳು ತೆಲುಗು ಶಾಲೆಯಲ್ಲಿ ಓದಿದರು, ಮನೆಯಲ್ಲಿ ಕನ್ನಡ ಮಾತಾಡಿದರು. ಈಗ ಅವರ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಮದುವೆಯ ಕರೆಯೋಲೆ ಎರಡು ಲಿಪಿಯಲ್ಲಿ ಅಚ್ಚಾಗುತ್ತದೆ.

ಅಣೆಕಟ್ಟು, ಸೇತುವೆ, ಇಂದಿನ ಹರಿಗೋಲು

ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಬಿಟ್ಟಿತು. ಅದರ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ಆದವಾನಿ, ಆಲೂರು, ಎಮ್ಮಿಗನೂರು ಕಡೆಗೆ ಹೋಗುತ್ತದೆ. ಅಂದಿನಿಂದ ಕೆಳಗಿನ ಹೊಳೆಯ ನಡೆಯೇ ಬದಲಾಯಿತು. ಹಿಂದೆ ಅಂಬಿಗ ಮೋಡ ನೋಡಿ ನೀರು ಹೇಳುತ್ತಿದ್ದ, ಈಗ ಅಣೆಕಟ್ಟಿನ ಗೇಟಿನ ಸುದ್ದಿ ಕೇಳಿ ಹೇಳುತ್ತಾನೆ. 2009ರ ಅಕ್ಟೋಬರ್ ಮೊದಲ ದಿನಗಳಲ್ಲಿ ಬಂದ ಪ್ರವಾಹದಲ್ಲಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದವು, ಸುಂಕೇಸುಲದ ಕಟ್ಟೆಗೂ ಪೆಟ್ಟುಬಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಈ ದಡದ ಊರುಗಳೆಲ್ಲ ಎಚ್ಚರವಾಗಿ ಕೂತಿದ್ದವು. ಬೇಸಿಗೆಯಲ್ಲಿ ಇದೇ ಹೊಳೆ ಬಂಡೆ ತೋರಿಸಿ ಮಲಗಿರುತ್ತದೆ.

ರಾಯಚೂರು ರಸ್ತೆಗೆ ಸೇತುವೆ ಬಂದು ಕಾಲವಾಯಿತು. ದಾಟಲೇಬೇಕು ಎಂದು ಹರಿಗೋಲು ಹತ್ತುವವರು ಕಡಿಮೆ. ನೋಡಲು ಬಂದ ನಮ್ಮಂಥವರೇ ಹೆಚ್ಚು. ನಮ್ಮ ಅಂಬಿಗನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನಂತೆ. "ಆತಗ ಈಜು ಬರ್ತದ, ಹುಟ್ಟು ಹಾಕಾಕ ಬರಂಗಿಲ್ಲ" ಎಂದ. ಅದನ್ನು ಹೇಳುವಾಗ ಬೇಸರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಬ್ಯಾಡ ಎಂದ ಮಾತು

ಅಜ್ಜಿಯ ಕತೆಯಲ್ಲಿ ಒಂದು ಭಾಗ ಉಳಿದಿದೆ. ಅದು ಅವಳು ಬಹಳ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು.

ಅಣೆಕಟ್ಟು ಮುಗಿಯುವುದಕ್ಕೆ ಎರಡು ವರ್ಷ ಮೊದಲು, ತುಂಬು ಮಳೆಗಾಲದಲ್ಲಿ, ಅವಳ ತಂದೆಗೆ ಜೋರು ಕಾಯಿಲೆ ಎಂದು ಆಚೆ ದಡದಿಂದ ಕೂಗಿ ಹೇಳಿದರು. ಅವಳು ದಡಕ್ಕೆ ಓಡಿದಳು. ಅದೇ ಅಂಬಿಗ, 1948ರ ರಾತ್ರಿ ದಾಟಿಸಿದವನೇ, ಹರಿಗೋಲನ್ನು ಮೇಲಕ್ಕೆ ಎಳೆದು ಬೋರಲು ಹಾಕಿದ್ದ. ಹೊಳೆ ಕೆಂಪಗೆ ತುಂಬಿ, ಬುಡಮೇಲಾದ ಮರಗಳನ್ನು ಹೊತ್ತು ಹೋಗುತ್ತಿತ್ತು. ಅವಳು ಅತ್ತಳು, ಕಾಲು ಹಿಡಿದಳು, ಕೊರಳ ತಾಳಿ ಬಿಚ್ಚಿ ಕೊಡುತ್ತೇನೆ ಎಂದಳು. ಆತ "ಬ್ಯಾಡ ತಂಗಿ" ಎಂದ. ಮೂರು ದಿನ ಅದೇ ಮಾತು. ನಾಲ್ಕನೆಯ ದಿನ ದಾಟಿದಾಗ ಮಣ್ಣು ಮುಗಿದಿತ್ತು. ತಂದೆಯ ಮುಖ ಅವಳಿಗೆ ಸಿಗಲಿಲ್ಲ. ಅಂಬಿಗನನ್ನು ಅವಳು ಬಹಳ ವರ್ಷ ಮಾತಾಡಿಸಲಿಲ್ಲ. ಅವನು ದಾಟಿಸುತ್ತಿದ್ದ, ಇವಳು ಮುಖ ತಿರುಗಿಸಿಕೊಂಡು ಕೂರುತ್ತಿದ್ದಳು. ಮುಂದೊಂದು ದಿನ ಅವನು ತೀರಿಹೋದ ಸುದ್ದಿ ಬಂದಾಗ, ನಮ್ಮ ತಂದೆಯನ್ನು ಕರೆದುಕೊಂಡು ಹೋಗಿ ಅವನ ಮನೆಯ ಮುಂದೆ ಸಂಜೆಯವರೆಗೂ ಕೂತಿದ್ದು ಬಂದಳಂತೆ. ದಾರಿಯಲ್ಲಿ ಒಂದೇ ಮಾತು ಹೇಳಿದಳು:

"ಆತ ಬರ್ರಿ ಅಂದಾಗ ಕೂಸು ಉಳೀತು. ಬ್ಯಾಡ ಅಂದಾಗ ನಾ ಉಳಿದೆ. ಎರಡೂ ಆತಂದ ಉಪಕಾರ. ಒಂದಕ್ಕಷ್ಟ ನಾ ಕೈ ಮುಗಿದೆ."

ಮಿತ್ರರೇ, ಈ ಹೊಳೆಯ ದಡಗಳಿಗೆ ಎಷ್ಟು ಸರ್ಕಾರಗಳು ಹೆಸರಿಟ್ಟವು ಎಂಬುದನ್ನು ಇತಿಹಾಸದ ಪುಸ್ತಕ ಹೇಳುತ್ತದೆ. ಆ ಸರ್ಕಾರಗಳೆಲ್ಲ ಬಂದು ಹೋಗುತ್ತಿದ್ದಾಗ ಈ ದಡದ ಮಗಳನ್ನು ಆ ದಡದ ಮನೆಗೆ, ಆ ದಡದ ಹಸಿವನ್ನು ಈ ದಡದ ಸಂತೆಗೆ ಮುಟ್ಟಿಸಿದವರು ಯಾರು ಎಂಬುದನ್ನು ನಾವು ನಮ್ಮ ಮನೆಗಳಲ್ಲೇ ಕೇಳಿ ತಿಳಿಯಬೇಕು. ನಿಮ್ಮ ಅಜ್ಜ ಅಜ್ಜಿಯರು ಇನ್ನೂ ಇದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಕೇಳಿ. ಯಾವ ಹೊಳೆ ದಾಟಿ ಬಂದಿರಿ, ದಾಟಿಸಿದವರು ಯಾರು, ಯಾವ ಸರದಿಯಲ್ಲಿ ನಿಲ್ಲಿಸಿದರು ಎಂದು ಕೇಳಿ. ಬರೆದಿಡಿ. ನಾನು ನನ್ನ ಅಜ್ಜಿಯ ಅಂಬಿಗನ ಹೆಸರು ಕೇಳಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ.

ಆ ಸಂಜೆ ಎರಡನೆಯ ಸುತ್ತಿನಲ್ಲಿ ನಮ್ಮ ಇಬ್ಬರು ಹುಡುಗರು ಹೋಗಿಬಂದರು. ಹೊತ್ತು ಮುಳುಗುತ್ತಿತ್ತು, ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಾಸನದ ಅಜ್ಜಿ ಇಳಿಯುವಾಗ ಕಾಲು ತಡವರಿಸಿದರು. ಆದವಾನಿಯ ತಾಯಿ ಅವರ ಕೈ ಹಿಡಿದಳು. ನಾನು ಅಂಬಿಗನಿಗೆ ಹಣ ಕೊಡುತ್ತಾ, "ಅಣ್ಣಾ, ನಾನು ಮೊದಲು ಹಾಗೆ ಮಾತಾಡಬಾರದಿತ್ತು" ಎಂದೆ. ಆತ ನೋಟು ಎಣಿಸಿ ಜೇಬಿಗೆ ಹಾಕಿಕೊಂಡು, "ಎಲ್ಲಾರೂ ಹಂಗ ಅಂತಾರ ತಮ್ಮಾ" ಎಂದ. ಹರಿಗೋಲನ್ನು ದಡಕ್ಕೆ ಎಳೆಯಲು ನಾವು ನಾಲ್ವರು ಕೈ ಕೊಟ್ಟೆವು. ಬೋರಲು ಹಾಕಿದ ಮೇಲೆ ಆತ ಅದರ ಬೆನ್ನಿಗೆ ಎರಡು ಬಾರಿ ತಟ್ಟಿದ, ದಿನದ ಕೆಲಸ ಮುಗಿಸಿದ ಎತ್ತಿನ ಬೆನ್ನು ತಟ್ಟುವ ಹಾಗೆ.